ಸಿಂಬಿ ಸುತ್ತಿದ ದ್ರಾಕ್ಷಿ ಬಳ್ಳಿ: ಸ್ಯಾಂಟೊರಿನಿಯ ವೈನ್ ಹುಟ್ಟುವ ಬಗೆ

2025ರ ಜನವರಿ ಕೊನೆಯಲ್ಲಿ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಸುತ್ತ ನೆಲ ನಡುಗಲು ಶುರುವಾಯಿತು. ಫೆಬ್ರುವರಿ ಪೂರ್ತಿ ಸಾವಿರಾರು ಕಂಪನಗಳಾದವು, ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, 11 ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ದ್ವೀಪ ಬಿಟ್ಟರು. ಬಿಳಿ ಗೋಡೆ, ನೀಲಿ ಗುಮ್ಮಟದ ಫೋಟೊಗಳಲ್ಲಷ್ಟೇ ಈ ದ್ವೀಪವನ್ನು ಕಂಡಿದ್ದ ನಮ್ಮ ಓದುಗರಿಗೂ ಅದು ಜ್ವಾಲಾಮುಖಿಯ ಮೇಲೆ ಕೂತ ಊರು ಎಂಬುದು ಆಗ ತಿಳಿಯಿತು. ಅದೇ ಹೊತ್ತಿನಲ್ಲಿ ಅಲ್ಲಿಂದ ಇನ್ನೊಂದು ಸುದ್ದಿಯೂ ಬರುತ್ತಿತ್ತು. ಬಿಸಿಲು, ಬರದಿಂದ ದ್ವೀಪದ ದ್ರಾಕ್ಷಿ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ ಎಂಬುದು.

ಈ ಎರಡೂ ಸುದ್ದಿಗಳ ಬೇರು ಒಂದೇ ಮಣ್ಣಿನಲ್ಲಿದೆ. ಇಲ್ಲಿನ ವೈನಿಗೆ ರುಚಿ ಬಂದದ್ದು ಮಣ್ಣಿನಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದರಿಂದ. ನೀರಿಲ್ಲ, ಜೇಡಿಯಿಲ್ಲ, ಗೊಬ್ಬರದಂಶವಿಲ್ಲ. ಒಂದೊಂದು ಕೊರತೆಯೂ ಬಳ್ಳಿಗೆ ಏನು ಮಾಡುತ್ತದೆ ಎಂದು ನೋಡುತ್ತ ಹೋದರೆ ಈ ಪ್ರದೇಶ ತಾನಾಗಿ ಅರ್ಥವಾಗುತ್ತದೆ.

ಬೂದಿಯೇ ಮಣ್ಣು

ಸ್ಯಾಂಟೊರಿನಿ ಏಜಿಯನ್ ಸಮುದ್ರದ ಸೈಕ್ಲಡೀಸ್ ದ್ವೀಪಗಳ ದಕ್ಷಿಣ ತುದಿಯಲ್ಲಿದೆ. ಗ್ರೀಕರು ಬಳಸುವ ಅಧಿಕೃತ ಹೆಸರು ಥೀರಾ. ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 76 ಚದರ ಕಿಲೋಮೀಟರ್. ಸುಮಾರು 3,600 ವರ್ಷಗಳ ಹಿಂದೆ ಇಲ್ಲಿ ಭಾರೀ ಸ್ಫೋಟವಾಗಿ ದ್ವೀಪದ ನಡುಭಾಗ ಕುಸಿದು ಸಮುದ್ರ ಒಳನುಗ್ಗಿತು. ಹಾಗೆ ಉಂಟಾದ ಬೃಹತ್ ಕುಳಿಯನ್ನು ಕ್ಯಾಲ್ಡೆರಾ ಎನ್ನುತ್ತಾರೆ. ಪ್ರವಾಸಿಗರು ಸೂರ್ಯಾಸ್ತ ನೋಡುವುದು ಈ ಕುಳಿಯ ಅಂಚಿನಲ್ಲಿ ನಿಂತು. ದ್ರಾಕ್ಷಿ ತೋಟಗಳು ಹೆಚ್ಚಾಗಿ ಅದರ ಬೆನ್ನಿನ ಕಡೆ, ಪೂರ್ವಕ್ಕೆ ನಿಧಾನವಾಗಿ ಇಳಿಯುವ ಇಳಿಜಾರಿನಲ್ಲಿವೆ. ಪಿರ್ಗೋಸ್, ಮೆಗಾಲೊಖೋರಿ, ಅಕ್ರೋಟಿರಿ ಊರುಗಳ ಸುತ್ತಲೂ ತೋಟಗಳು ಕಾಣುತ್ತವೆ.

ಆ ಸ್ಫೋಟ ಊರುಗಳನ್ನು, ಹೊಲಗಳನ್ನು ಮುಚ್ಚಿಹಾಕಿತು. ಅಕ್ರೋಟಿರಿಯಲ್ಲಿ 1967ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೊಸ್ ಅಗೆಸಲು ಶುರುಮಾಡಿದ ಕಂಚಿನ ಯುಗದ ಊರು ಸಿಕ್ಕಿದ್ದು ಈ ಪದರದ ಅಡಿಯಲ್ಲೇ. ಮೇಲೆ ಉಳಿದದ್ದು ಬೂದಿ, ಲಾವಾ ಚೂರು ಮತ್ತು ಪ್ಯೂಮಿಸ್ ಕಲ್ಲು. ಪ್ಯೂಮಿಸ್ ಎಂದರೆ ಲಾವಾದೊಳಗಿನ ಅನಿಲ ನೊರೆಯಾಗಿ ಉಕ್ಕಿ, ಹಾಗೆಯೇ ಗಟ್ಟಿಯಾದ ಕಲ್ಲು. ಮೈತುಂಬ ತೂತು, ನೀರಿನಲ್ಲಿ ತೇಲುವಷ್ಟು ಹಗುರ. ಹಿಮ್ಮಡಿ ಉಜ್ಜುವ ಕಲ್ಲೆಂದು ಅಂಗಡಿಯಲ್ಲಿ ಮಾರುವುದೂ ಇದನ್ನೇ. ಸ್ಥಳೀಯರು ಈ ಸಡಿಲ ಮಿಶ್ರಣವನ್ನು ಆಸ್ಪಾ ಎನ್ನುತ್ತಾರೆ. 19ನೇ ಶತಮಾನದಲ್ಲಿ ಸೂಯೆಜ್ ಕಾಲುವೆ ಕಟ್ಟುವಾಗ ನೀರಿನಲ್ಲೂ ಗಟ್ಟಿಯಾಗುವ ಗಾರೆಗೆ ಈ ಮಣ್ಣನ್ನು ಹಡಗಿನಲ್ಲಿ ಸಾಗಿಸಿದ್ದರು.

ಆಸ್ಪಾದಲ್ಲಿ ಎಲೆಗೊಬ್ಬರದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಸಾರಜನಕ ಕಡಿಮೆ, ಪೊಟ್ಯಾಷಿಯಂ ಕಡಿಮೆ, ಜೇಡಿ ತೀರಾ ಕಡಿಮೆ. ತರಕಾರಿ ಬೆಳೆಯುವವರಿಗೆ ಕೊಟ್ಟರೆ ಬೇಡವೆಂದು ಕೈಮುಗಿಯುವಂಥ ನೆಲ. ಆದರೂ ಇಲ್ಲಿ ನೀರು ಹಾಯಿಸದೆ ಪುಟ್ಟ ಟೊಮೆಟೊ ಬೆಳೆಯುತ್ತಾರೆ. ಫಾವಾ ಎಂಬ ಹಳದಿ ಬೇಳೆಯನ್ನೂ ಬೆಳೆಯುತ್ತಾರೆ. ಆ ಬೇಳೆಯ ಗಿಡ ನಮ್ಮ ಕೇಸರಿ ಬೇಳೆಯ ಗಿಡಕ್ಕೆ ಹತ್ತಿರದ ನೆಂಟ, ಎರಡೂ ಲ್ಯಾಥಿರಸ್ ಕುಲಕ್ಕೆ ಸೇರಿದವು.

ಕಸಿ ಕಟ್ಟದ ಬೇರುಗಳು

ಜೇಡಿ ಇಲ್ಲದಿರುವುದು ದೊಡ್ಡ ವರವಾದದ್ದು ಒಂದು ಕೀಟದ ವಿಷಯದಲ್ಲಿ. ಫಿಲಾಕ್ಸೆರಾ ಎಂಬ, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಹೇನಿನಂಥ ಕೀಟ 19ನೇ ಶತಮಾನದಲ್ಲಿ ಅಮೆರಿಕದಿಂದ ಯುರೋಪಿಗೆ ಬಂತು. ಅದು ಬೇರಿನ ರಸ ಹೀರುತ್ತದೆ, ಗಾಯವಾದ ಕಡೆ ಕೊಳೆರೋಗ ಹೊಕ್ಕು ಬಳ್ಳಿ ಸಾಯುತ್ತದೆ. ಕೆಲವೇ ದಶಕಗಳಲ್ಲಿ ಫ್ರಾನ್ಸ್ ಸೇರಿದಂತೆ ಯುರೋಪಿನ ಬಹುಪಾಲು ತೋಟಗಳು ಹಾಳಾದವು. ಕೊನೆಗೆ ಸಿಕ್ಕ ಉಪಾಯ, ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಯುರೋಪಿನ ತಳಿಯನ್ನು ಕಸಿ ಕಟ್ಟುವುದು. ಇಂದು ಜಗತ್ತಿನ ಹೆಚ್ಚಿನ ವೈನ್ ದ್ರಾಕ್ಷಿ ನಿಂತಿರುವುದು ಇಂಥ ಬೇರಿನ ಮೇಲೆ. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರೂ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅಲ್ಲಿ ಕಾರಣ ಮಾತ್ರ ಬೇರೆ, ಸವುಳು ಮತ್ತು ಬರ ತಾಳಲಿ ಎಂದು.

ಫಿಲಾಕ್ಸೆರಾ ಒಂದು ಬೇರಿನಿಂದ ಇನ್ನೊಂದಕ್ಕೆ ಹೋಗುವುದು ಮಣ್ಣಿನ ಸಂದುಗಳಲ್ಲಿ ತೆವಳಿಕೊಂಡು. ಜೇಡಿ ಮಣ್ಣು ಒಣಗಿ ಬಿರುಕು ಬಿಟ್ಟರೆ ಅದಕ್ಕೆ ದಾರಿ ಸಿಗುತ್ತದೆ. ಸಡಿಲ ಮರಳಿನಲ್ಲಿ ಬಿರುಕು ನಿಲ್ಲುವುದಿಲ್ಲ, ಕೀಟವೂ ನೆಲೆಯೂರುವುದಿಲ್ಲ. ಹಾಗಾಗಿ ಸ್ಯಾಂಟೊರಿನಿಯ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲಿವೆ.

ಇದರ ಪ್ರಾಯೋಗಿಕ ಲಾಭ ಇನ್ನೊಂದಿದೆ. ಸಾಲಿನಲ್ಲಿ ಒಂದು ಬಳ್ಳಿ ಸತ್ತರೆ ನರ್ಸರಿಗೆ ಹೋಗಬೇಕಿಲ್ಲ. ಪಕ್ಕದ ಬಳ್ಳಿಯ ಉದ್ದ ಕಡ್ಡಿಯೊಂದನ್ನು ಬಗ್ಗಿಸಿ ಖಾಲಿ ಜಾಗದಲ್ಲಿ ಹೂತು, ತುದಿಯನ್ನು ಮೇಲೆ ಬಿಟ್ಟರೆ ಸಾಕು. ಹೂತ ಭಾಗ ಬೇರು ಬಿಡುತ್ತದೆ, ಅಲ್ಲಿಯವರೆಗೆ ತಾಯಿ ಬಳ್ಳಿಯೇ ಅದನ್ನು ಸಾಕುತ್ತದೆ. ಕೀಟವಿರುವ ನಾಡುಗಳಲ್ಲಿ ಹೀಗೆ ಮಾಡಿದರೆ ಹೊಸ ಬೇರು ಕಸಿಯ ರಕ್ಷಣೆಯಿಲ್ಲದೆ ಸಾಯುತ್ತದೆ.

ಬಳ್ಳಿಯನ್ನು ಸಿಂಬಿ ಸುತ್ತುವುದು

ದ್ರಾಕ್ಷಿ ತೋಟವೆಂದರೆ ನಮ್ಮ ಕಣ್ಣಿಗೆ ಬರುವುದು ಚಪ್ಪರ, ಇಲ್ಲವೇ ಕಂಬ ತಂತಿಯ ಸಾಲು. ಸ್ಯಾಂಟೊರಿನಿಯ ಹಳೆಯ ತೋಟದಲ್ಲಿ ಎರಡೂ ಇಲ್ಲ. ದೂರದಿಂದ ನೋಡಿದರೆ ಬೋಳು ನೆಲದಲ್ಲಿ ಅಲ್ಲಲ್ಲಿ ಹಸಿರು ಪೊದೆ ಬಿದ್ದಂತೆ ಕಾಣುತ್ತದೆ. ಕಾರಣ ಗಾಳಿ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ದಿನಗಟ್ಟಲೆ ನಿಲ್ಲುವುದಿಲ್ಲ. ವಸಂತದ ಗಾಳಿಯಂತೂ ಎಳೆ ಚಿಗುರನ್ನು ಬುಡದಿಂದಲೇ ಮುರಿಯುತ್ತದೆ, ಹೂವನ್ನು ಉದುರಿಸುತ್ತದೆ. ಗಾಳಿಯ ಜೊತೆ ಮರಳು ಹಾರಿ ಎಲೆಯನ್ನು ಉಜ್ಜುತ್ತದೆ, ಸಮುದ್ರದ ಉಪ್ಪು ಹನಿ ಎಲೆಯಂಚನ್ನು ಸುಡುತ್ತದೆ.

ಇದಕ್ಕೆ ರೈತರು ಕಂಡುಕೊಂಡ ಉತ್ತರ ಕುಲೂರಾ. ಕೊಡ ಹೊರುವವರು ಬಟ್ಟೆ ಸುತ್ತಿ ತಲೆಯ ಮೇಲಿಟ್ಟುಕೊಳ್ಳುವ ಸಿಂಬಿಯನ್ನು ನೆನೆಸಿಕೊಳ್ಳಿ. ಬಳ್ಳಿಯ ಕಡ್ಡಿಗಳನ್ನು ಹಾಗೆಯೇ ಒಂದರ ಮೇಲೊಂದು ಸುತ್ತಿ ನೆಲದ ಮೇಲೆ ಕೂರಿಸುತ್ತಾರೆ. ಕೆಲಸ ನಡೆಯುವುದು ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ಮಲಗಿರುವಾಗ. ಮೊದಲ ಕೆಲವು ವರ್ಷ ಬಳ್ಳಿಯನ್ನು ಮೇಲೇರಲು ಬಿಡದೆ ನೆಲಮಟ್ಟದಲ್ಲೇ ಗಿಡ್ಡ ಬುಡ ಕಟ್ಟಿಸುತ್ತಾರೆ. ಆಮೇಲೆ ಪ್ರತಿ ಚಾಟ್ನಿಯಲ್ಲೂ, ಅಂದರೆ ಕಡ್ಡಿ ಸವರುವಾಗ, ಹಿಂದಿನ ವರ್ಷದ ಗಟ್ಟಿ ಕಡ್ಡಿಗಳಲ್ಲಿ ಕೆಲವನ್ನು ಉಳಿಸಿ, ಬೇಡದ್ದನ್ನು ಕತ್ತರಿಸಿ, ಉಳಿದವನ್ನು ಹಳೆಯ ಸುತ್ತಿನ ಮೇಲೆ ಹೆಣೆಯುತ್ತಾರೆ. ವರ್ಷಕ್ಕೊಂದು ಸುತ್ತು ಏರಿ ಅದು ಬುಟ್ಟಿಯ ಆಕಾರ ಪಡೆಯುತ್ತದೆ. ಚಿಗುರು ಬಂದ ಮೇಲೆ ಎಲೆ ಮೇಲೆ ಮುಚ್ಚಿಕೊಳ್ಳುತ್ತದೆ, ಗೊನೆ ಬುಟ್ಟಿಯೊಳಗೆ ಇಳಿಯುತ್ತದೆ. ಗಾಳಿ ಮೇಲಿನಿಂದ ಜಾರಿಹೋಗುತ್ತದೆ, ಬಿಸಿಲು ನೇರವಾಗಿ ಹಣ್ಣಿಗೆ ಬೀಳುವುದಿಲ್ಲ, ರಾತ್ರಿಯ ತೇವ ಒಳಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಕಡ್ಡಿ ಬಗ್ಗಿಸುವುದರಲ್ಲೇ ಇದರ ಕಷ್ಟವಿದೆ. ಒಣ ಗಾಳಿಯ ದಿನ ಬಗ್ಗಿಸಿದರೆ ಕಡ್ಡಿ ಪಟಕ್ಕನೆ ಮುರಿಯುತ್ತದೆ. ಮಳೆ ಬಿದ್ದ ಮರುದಿನವಾದರೆ ಮೆತ್ತಗಿರುತ್ತದೆ. ಸಿಂಬಿಯ ಒಳಭಾಗ ಇಕ್ಕಟ್ಟಾಗಿ ಚಿಗುರೊಡೆಯುವ ಕಣ್ಣುಗಳು ಅತಿಯಾಗಿ ಉಳಿದರೆ ಒಳಗೆ ಗಾಳಿಯಾಡದೆ ಬೂದಿ ರೋಗಕ್ಕೆ ಜಾಗವಾಗುತ್ತದೆ. ತೀರಾ ಕಡಿಮೆ ಉಳಿದರೆ ಹಣ್ಣಿಗೆ ನೆರಳಾಗುವಷ್ಟು ಎಲೆ ಬರುವುದಿಲ್ಲ. ಯಾವ ಯಂತ್ರಕ್ಕೂ ಈ ಕೆಲಸ ಬಾರದು. ಚಾಟ್ನಿ, ಕಳೆ, ಕೊಯ್ಲು ಎಲ್ಲವೂ ನೆಲಕ್ಕೆ ಬಾಗಿ ಕೈಯಲ್ಲೇ ಆಗಬೇಕು.

ದಶಕಗಳು ಕಳೆದಂತೆ ಇನ್ನೊಂದು ತೊಂದರೆ ತಲೆಹಾಕುತ್ತದೆ. ಬೇರು ಹೀರಿದ ನೀರು ಹೊಸ ಚಿಗುರನ್ನು ಮುಟ್ಟಬೇಕಾದರೆ ಸಿಂಬಿಯ ಅಷ್ಟೂ ಸುತ್ತುಗಳನ್ನು ದಾಟಬೇಕು. ಸುತ್ತು ಹೆಚ್ಚಿದಷ್ಟು ದಾರಿ ಉದ್ದ, ಇಳುವರಿ ಕಡಿಮೆ. ಸಾಮಾನ್ಯವಾಗಿ 75–80 ವರ್ಷಕ್ಕೊಮ್ಮೆ ಇಡೀ ಬುಟ್ಟಿಯನ್ನು ಬುಡದಲ್ಲಿ ಕತ್ತರಿಸಿಬಿಡುತ್ತಾರೆ. ಹಳೆಯ ಬುಡದಲ್ಲಿ ಮಲಗಿದ್ದ ಕಣ್ಣೊಂದು ಚಿಗುರಿ ಹೊಸ ಸಿಂಬಿ ಶುರುವಾಗುತ್ತದೆ. ಕೆಲವು ಬೇರುಗಳು ಹೀಗೆ ಹಲವು ಬುಟ್ಟಿಗಳನ್ನು ಹೊತ್ತು 300 ವರ್ಷ ದಾಟಿವೆ ಎಂದು ಬೆಳೆಗಾರರು ಹೇಳುತ್ತಾರೆ. ಆದ್ದರಿಂದ ಇಲ್ಲಿ ಬಳ್ಳಿಯ ವಯಸ್ಸು ಕೇಳುವಾಗ ಬೇರಿನದ್ದೋ ಬುಟ್ಟಿಯದ್ದೋ ಎಂದು ಬಿಡಿಸಿ ಕೇಳುವುದು ಒಳ್ಳೆಯದು. ಮಾರಾಟದ ಕರಪತ್ರಗಳಲ್ಲಿ ಎರಡೂ ಬೆರೆತಿರುತ್ತವೆ.

ಬೇಸಿಗೆಯಲ್ಲಿ ನೀರು ಎಲ್ಲಿಂದ?

ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರ್ ಮುಟ್ಟಿದರೆ ಅದೇ ಹೆಚ್ಚು. ಬಹುಪಾಲು ಅಕ್ಟೋಬರ್–ಮಾರ್ಚ್ ನಡುವೆ ಸುರಿದು ಮುಗಿಯುತ್ತದೆ. ಬಳ್ಳಿಗೆ ನೀರು ಬೇಕಾದ ಜೂನ್, ಜುಲೈನಲ್ಲಿ ಹನಿಯೂ ಇಲ್ಲ. ಮೆಡಿಟರೇನಿಯನ್ ಹವಾಮಾನದ ಗುಣವೇ ಇದು: ಚಳಿಗಾಲ ಒದ್ದೆ, ಬೇಸಿಗೆ ಒಣ. ಮುಂಗಾರಿನ ನಾಡಿನ ನಮಗೆ ತಲೆಕೆಳಗಾದ ಲೆಕ್ಕ.

ಸಾಂಪ್ರದಾಯಿಕ ತೋಟಕ್ಕೆ ನೀರಾವರಿ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮಾಡಿ ಚಳಿಗಾಲದ ಮಳೆ ಹರಿದು ಹೋಗದಂತೆ ತಡೆಯುತ್ತಾರೆ. ಪ್ಯೂಮಿಸ್ ತನ್ನ ತೂತುಗಳಲ್ಲಿ ಆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಬೇಸಿಗೆಯ ರಾತ್ರಿ ಸಮುದ್ರದಿಂದ ಏರುವ ಮಂಜು, ಇಬ್ಬನಿ ಸ್ವಲ್ಪ ತೇವ ಕೊಡುತ್ತವೆ. ಬಳ್ಳಿಗಳನ್ನು ದೂರ ದೂರ ನೆಡುವುದೂ ಇದಕ್ಕಾಗಿಯೇ, ಪ್ರತಿ ಬೇರಿಗೂ ಹುಡುಕಲು ಅಗಲವಾದ ನೆಲ ಬೇಕು. ಇಷ್ಟೆಲ್ಲ ಮಾಡಿದರೂ ಒಳ್ಳೆಯ ವರ್ಷದಲ್ಲಿ ಸಿಗುವುದು ಹೆಕ್ಟೇರಿಗೆ 2–3 ಟನ್. ಒಂದೇ ಸಮಾಧಾನವೆಂದರೆ ಒಣ ಹವೆ, ಗಾಳಿಯಿಂದಾಗಿ ಡೌನಿಯಂಥ ಶಿಲೀಂಧ್ರ ರೋಗಗಳ ಕಾಟ ಕಡಿಮೆ, ಔಷಧಿ ಸಿಂಪಡಣೆಯೂ ಕಡಿಮೆ.

ಅಸೀರ್ಟಿಕೊ: ಬಿಸಿಲಿಗೂ ಹುಳಿ ಬಿಡದ ಹಣ್ಣು

ದ್ವೀಪದ ತೋಟಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ಅಸೀರ್ಟಿಕೊ ಎಂಬ ಬಿಳಿ ತಳಿಯದ್ದು. ಪರಿಮಳಕ್ಕೆ ಐದಾನಿ, ಮೃದುತ್ವಕ್ಕೆ ಅಥೀರಿ ಎಂಬ ಇನ್ನೆರಡು ಬಿಳಿ ತಳಿಗಳನ್ನು ಸ್ವಲ್ಪ ಸೇರಿಸುತ್ತಾರೆ. ಕೆಂಪಿನಲ್ಲಿ ಮಾಂದಿಲಾರಿಯಾ, ಮಾವ್ರೊತ್ರಾಗನೊ ಇವೆ. ಹೆಸರು ಮಾಡಿದ್ದು ಅಸೀರ್ಟಿಕೊ.

ವೈನಿಗೆ ಹುಳಿ ಯಾಕೆ ಮುಖ್ಯ? ಹುಳಿಯಿಲ್ಲದ ವೈನ್ ಸಪ್ಪೆ, ಬಾಳಿಕೆಯೂ ಕಡಿಮೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಬಿಸಿಲು ಹೆಚ್ಚಾದಂತೆ ಹಣ್ಣು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಸುಟ್ಟುಕೊಳ್ಳುತ್ತದೆ. ಆದ್ದರಿಂದಲೇ ಬಿಸಿನಾಡಿನ ವೈನುಗಳು ಸಾಮಾನ್ಯವಾಗಿ ಮಂದ. ಟಾರ್ಟಾರಿಕ್ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಪೊಟ್ಯಾಷಿಯಂ ಜೊತೆ ಸೇರಿದರೆ ಲವಣವಾಗಿ ತನ್ನ ಹುಳಿ ಕಳೆದುಕೊಳ್ಳುತ್ತದೆ. ಅಸೀರ್ಟಿಕೊಗೆ ಹುಟ್ಟಿನಿಂದಲೇ ಹುಳಿ ಹೆಚ್ಚು, ಜೊತೆಗೆ ಇಲ್ಲಿನ ಮಣ್ಣಿನಲ್ಲಿ ಪೊಟ್ಯಾಷಿಯಂ ಕಡಿಮೆ. ಪರಿಣಾಮ, ಆಲ್ಕೊಹಾಲ್ ಶೇ 14 ಮುಟ್ಟುವಷ್ಟು ಸಕ್ಕರೆ ತುಂಬಿದರೂ ವೈನಿನ ಪಿಎಚ್ 3ರ ಆಸುಪಾಸಿನಲ್ಲೇ ಇರುತ್ತದೆ. ಪಿಎಚ್ ಕಡಿಮೆಯಾದಷ್ಟು ಹುಳಿ ಹೆಚ್ಚು ಎಂದು ತಿಳಿಯಿರಿ. ಸಕ್ಕರೆಯೂ ಹುಳಿಯೂ ಒಟ್ಟಿಗೆ ಈ ಮಟ್ಟದಲ್ಲಿ ಸಿಗುವುದು ಅಪರೂಪ. ಅದಕ್ಕೇ ಗ್ರೀಸ್‌ನ ಮುಖ್ಯನಾಡಿನಲ್ಲೂ, ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲೂ ಈಗ ಈ ತಳಿಯನ್ನು ನೆಡುತ್ತಿದ್ದಾರೆ.

ಕುಡಿದವರು ಹೇಳುವ ನಿಂಬೆ, ಹೊಗೆ, ಉಪ್ಪಿನ ರುಚಿಯ ಬಗ್ಗೆ ಒಂದು ಮಾತು. ಬಂಡೆಯ ಖನಿಜ ನೇರವಾಗಿ ಬೇರಿನ ಮೂಲಕ ಲೋಟಕ್ಕೆ ಬಂತು ಎಂಬ ವಿವರಣೆಯನ್ನು ನಂಬಬೇಕಾಗಿಲ್ಲ. ಕಡಿಮೆ ಹಣ್ಣುಗಂಪು, ಹೆಚ್ಚು ಹುಳಿ, ಹುದುಗಿನಲ್ಲಿ ಹುಟ್ಟುವ ಗಂಧಕದ ಸಣ್ಣ ಸಂಯುಕ್ತಗಳು ಸೇರಿದಾಗ ನಾಲಿಗೆಗೆ ಹಾಗೆ ತೋರುವ ಸಾಧ್ಯತೆಯೇ ಹೆಚ್ಚು.

ಡ್ರೈ ವೈನ್ ತಯಾರಾಗುವ ಹಂತಗಳು

ಡ್ರೈ ಎಂದರೆ ಸಿಹಿ ಉಳಿಯದ ವೈನ್. ಯೀಸ್ಟ್ ರಸದ ಸಕ್ಕರೆಯನ್ನೆಲ್ಲ ತಿಂದು ಆಲ್ಕೊಹಾಲ್ ಮಾಡಿರುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇ 1ರಷ್ಟು ಆಲ್ಕೊಹಾಲ್ ಎಂಬುದು ಸ್ಥೂಲ ಲೆಕ್ಕ. 230 ಗ್ರಾಂ ಇದ್ದರೆ ಶೇ 13.5 ಆಗುತ್ತದೆ.

ಕೊಯ್ಲು ಸಾಮಾನ್ಯವಾಗಿ ಆಗಸ್ಟಿನಲ್ಲಿ, ಯುರೋಪಿನ ಬಹುತೇಕ ಕಡೆಗಿಂತ ಮೊದಲು. ಬೆಳಗಿನ ತಂಪಿನಲ್ಲೇ ಕೊಯ್ದು ಆಳವಿಲ್ಲದ ಕ್ರೇಟುಗಳಲ್ಲಿ ಸಾಗಿಸುತ್ತಾರೆ, ಭಾರಕ್ಕೆ ಹಣ್ಣು ಒಡೆದರೆ ದಾರಿಯಲ್ಲೇ ಹುದುಗು ಹತ್ತುತ್ತದೆ. ಮೆತ್ತಗೆ ಹಿಂಡಿ, ರಸವನ್ನು ತಣಿಸಿ, ಒಂದು ರಾತ್ರಿ ಇಟ್ಟು ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಸ್ಟೀಲ್ ಟ್ಯಾಂಕಿಗೆ ಬಿಡುತ್ತಾರೆ. 16–18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗು ಎರಡು ಮೂರು ವಾರ ನಡೆಯುತ್ತದೆ. ಆಮೇಲೆ ಸತ್ತ ಯೀಸ್ಟಿನ ಗಸಿಯ ಮೇಲೇ ಕೆಲವು ತಿಂಗಳು ಬಿಟ್ಟರೆ ಹುಳಿಯ ಚೂಪು ಸ್ವಲ್ಪ ತಗ್ಗಿ ಮೈ ಬರುತ್ತದೆ.

ತಪ್ಪುವುದು ಮುಖ್ಯವಾಗಿ ಎರಡು ಕಡೆ. ಅಸೀರ್ಟಿಕೊ ರಸ ಗಾಳಿಗೆ ಬೇಗ ಕಂದುತ್ತದೆ, ಹಿಂಡುವಾಗ ಗಾಳಿ ತಾಗದಂತೆ ನೋಡಿಕೊಳ್ಳದಿದ್ದರೆ ತಾಜಾ ಗಂಧ ಹೋಗುತ್ತದೆ. ಇನ್ನೊಂದು, ಸಾರಜನಕವಿಲ್ಲದ ಮಣ್ಣಿನ ಹಣ್ಣಿನಲ್ಲಿ ಯೀಸ್ಟಿಗೂ ಸಾರಜನಕ ಸಾಲುವುದಿಲ್ಲ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಇಲ್ಲವೇ ಸಕ್ಕರೆ ಮುಗಿಯುವ ಮೊದಲೇ ನಿಂತುಬಿಡುತ್ತದೆ. ಅದಕ್ಕೆ ಯೀಸ್ಟಿಗೆ ಬೇರೆಯಾಗಿ ಪೋಷಕಾಂಶ ಹಾಕುತ್ತಾರೆ.

ಹಿಂದೆ ಹೀಗಿರಲಿಲ್ಲ. ಜ್ವಾಲಾಮುಖಿಯ ಮಣ್ಣು ಕೊರೆದು ಮಾಡಿದ ಕನಾವ ಎಂಬ ನೆಲಮಾಳಿಗೆಗಳಲ್ಲಿ ಹಣ್ಣನ್ನು ಹಲವು ದಿನ ಕೂಡಿಟ್ಟು, ಕಾಲಲ್ಲಿ ತುಳಿದು, ಹಳೆಯ ಪೀಪಾಯಿಗಳಲ್ಲಿ ಹುದುಗಿಸುತ್ತಿದ್ದರು. ಸಿಗುತ್ತಿದ್ದುದು ಕಡು ಬಣ್ಣದ, ಖಾರವಾದ ವೈನ್. 1980ರ ದಶಕದ ಕೊನೆಯಲ್ಲಿ ಬೂತಾರಿ ಕಂಪನಿ ಮೆಗಾಲೊಖೋರಿಯಲ್ಲಿ ಆಧುನಿಕ ವೈನರಿ ಕಟ್ಟಿದ ಮೇಲೆ ಬೇಗ ಕೊಯ್ಯುವುದು, ತಂಪಿನಲ್ಲಿ ಹುದುಗಿಸುವುದು ಬಂತು. 1990ರ ದಶಕದಲ್ಲಿ ಸಿಗಾಲಾಸ್, ಗಾಯಾ, ಹಟ್ಜಿಡಾಕಿಸ್ ಮುಂತಾದ ಸಣ್ಣ ವೈನರಿಗಳು ಅದನ್ನು ಮುಂದುವರಿಸಿದವು. ನಿಕ್ತೇರಿ ಎಂಬುದು ಹಳೆಯ ಕ್ರಮದ ಒಂದು ಉಳಿಕೆ: ಚೆನ್ನಾಗಿ ಮಾಗಿದ ಹಣ್ಣನ್ನು ಹಗಲಿನ ಬಿಸಿ ತಪ್ಪಿಸಿ ರಾತ್ರಿಯೇ ಹಿಂಡಿ, ಪೀಪಾಯಿಯಲ್ಲಿ ಕನಿಷ್ಠ ಮೂರು ತಿಂಗಳು ಇಟ್ಟ ಡ್ರೈ ವೈನ್. ಆಲ್ಕೊಹಾಲ್ ಶೇ 13.5ಕ್ಕಿಂತ ಕಡಿಮೆ ಇರುವಂತಿಲ್ಲ.

ವಿನ್‌ಸಾಂಟೊ: ಬಿಸಿಲಿಗೆ ಒಣಗಿಸಿದ ಸಿಹಿ

ಮಧ್ಯಯುಗದಲ್ಲಿ ವೆನಿಸ್‌ನ ವ್ಯಾಪಾರಿಗಳ ಕಾಲದಿಂದ ದ್ವೀಪಕ್ಕೆ ಹಣ ತಂದದ್ದು ಡ್ರೈ ವೈನ್ ಅಲ್ಲ, ಈ ಸಿಹಿ ವೈನ್. ದೂರದ ಹಡಗುಯಾನದಲ್ಲೂ ಕೆಡದಷ್ಟು ಸಕ್ಕರೆ, ಹುಳಿ ಇದರಲ್ಲಿತ್ತು. ರಷ್ಯಾದ ಆರ್ಥೊಡಾಕ್ಸ್ ಚರ್ಚುಗಳಿಗೂ ಪೂಜೆಯ ವೈನಾಗಿ ಹೋಗುತ್ತಿತ್ತು. 1917ರ ಕ್ರಾಂತಿಯೊಂದಿಗೆ ಆ ಮಾರುಕಟ್ಟೆ ಮುಚ್ಚಿತು.

ಚೆನ್ನಾಗಿ ಮಾಗಿದ ಗೊನೆಗಳನ್ನು ಬಿಸಿಲಿನಲ್ಲಿ ಒಂದೇ ಪದರವಾಗಿ ಹರಡಿ ಹತ್ತು–ಹದಿನಾಲ್ಕು ದಿನ ಒಣಗಿಸುತ್ತಾರೆ, ನಡುವೆ ಮಗುಚಿ ಹಾಕುತ್ತಾರೆ. ವಿಜಯಪುರದ ಮಣೂಕದಂತೆ ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಪೂರ್ತಿ ಒಣಗಿಸುವ ಕ್ರಮವಲ್ಲ. ಇಲ್ಲಿ ಅರ್ಧ ಒಣಗಬೇಕು, ಹಿಂಡಿದರೆ ರಸ ಬರಬೇಕು. ದಿನ ಹೆಚ್ಚಾದರೆ ಹಿಂಡಲು ಏನೂ ಉಳಿಯದು, ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ. ನೀರು ಹಾರಿಹೋದಂತೆ ಸಕ್ಕರೆಯ ಜೊತೆ ಹುಳಿಯೂ ಗಾಢವಾಗುತ್ತದೆ, ಆ ಹುಳಿಯೇ ವಿನ್‌ಸಾಂಟೊವನ್ನು ಪಾನಕವಾಗದಂತೆ ಕಾಪಾಡುವುದು. ಲೀಟರಿಗೆ 350–400 ಗ್ರಾಂ ಸಕ್ಕರೆಯ ರಸದಲ್ಲಿ ಯೀಸ್ಟ್ ಏದುಸಿರು ಬಿಡುತ್ತ ಕೆಲಸ ಮಾಡಿ, ಬಹಳಷ್ಟು ಸಕ್ಕರೆ ಉಳಿದಿರುವಾಗಲೇ ಸೋಲುತ್ತದೆ. ಮಿಶ್ರಣದಲ್ಲಿ ಅಸೀರ್ಟಿಕೊ ಕನಿಷ್ಠ ಶೇ 51 ಇರಬೇಕು, ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಕಳೆಯಬೇಕು. ಬಿಳಿ ದ್ರಾಕ್ಷಿಯಿಂದ ಬಂದರೂ ಬಣ್ಣ ಜೋನಿಬೆಲ್ಲಕ್ಕೆ ತಿರುಗುವುದು ಈ ಒಣಗಿಸುವಿಕೆ ಮತ್ತು ಪೀಪಾಯಿಯ ವರ್ಷಗಳಿಂದ.

ತೋಟ ಕುಗ್ಗುತ್ತಿರುವುದೇಕೆ?

ಈಗ ಉಳಿದಿರುವುದು ಸುಮಾರು 1,000–1,200 ಹೆಕ್ಟೇರ್ ತೋಟ. 1956ರ ಜುಲೈನ ಭೂಕಂಪದ ನಂತರ ಅನೇಕ ಕುಟುಂಬಗಳು ದ್ವೀಪ ಬಿಟ್ಟವು. ಆಮೇಲೆ ಪ್ರವಾಸೋದ್ಯಮ ಬಂತು. ಹೆಕ್ಟೇರಿಗೆ ಎರಡು ಟನ್ ಕೊಡುವ ನೆಲಕ್ಕಿಂತ ಅದೇ ನೆಲದ ಹೋಟೆಲು ಲಾಭದಾಯಕ, ಚಾಟ್ನಿ ಬಲ್ಲ ಕೈಗಳಿಗೂ ಅಲ್ಲಿ ಹೆಚ್ಚು ಸಂಬಳ.

ಬರಗಾಲದ ಪೆಟ್ಟು ಇದರ ಮೇಲೆ ಬಿತ್ತು. ಚಳಿಗಾಲದ ಮಳೆ ಕೈಕೊಟ್ಟರೆ ಪ್ಯೂಮಿಸ್‌ನಲ್ಲಿ ಕೂಡಿಟ್ಟ ನೀರೇ ಇರುವುದಿಲ್ಲ. ಚಳಿ ಸಾಲದಿದ್ದರೆ ಚಿಗುರು ಒಂದೇ ಸಮ ಬರುವುದಿಲ್ಲ. ನೀರಾವರಿ ಸುಲಭದ ಪರಿಹಾರವಾಗಿ ಕಂಡರೂ ಕುಡಿಯಲಿಕ್ಕೇ ಸಮುದ್ರದ ನೀರನ್ನು ಸಿಹಿಗೊಳಿಸುವ ದ್ವೀಪದಲ್ಲಿ ಅದು ಸುಲಭವಲ್ಲ. ಕೆಲವರು ಹೊಸ ತೋಟಗಳನ್ನು ತಂತಿಯ ಸಾಲಿನಲ್ಲಿ ನೆಡುತ್ತಿದ್ದಾರೆ. ಕೂಲಿ ಕಡಿಮೆ, ಎಕರೆಗೆ ಗಿಡ ಹೆಚ್ಚು, ಬಾಗದೆ ಕೊಯ್ಯಬಹುದು. ಆದರೆ ಗಾಳಿ ಬಿಸಿಲಿಗೆ ಎಲೆ ತೆರೆದುಕೊಳ್ಳುವುದರಿಂದ ನೀರು ಹೆಚ್ಚು ಬೇಕು. ಹಣ್ಣು ಕಡಿಮೆಯಾದಂತೆ ಅದರ ಬೆಲೆ ಏರಿ, ಬಾಟಲಿಯ ಬೆಲೆಯೂ ಏರಿದೆ.

ಬಾಟಲಿ ಕೈಗೆ ಬಂದಾಗ

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಪಿಡಿಒ ಸ್ಯಾಂಟೊರಿನಿ ಎಂಬ ಗುರುತು. ಬೆಂಗಳೂರು ಬ್ಲೂ ದ್ರಾಕ್ಷಿಗಿರುವ ಜಿಐ ಟ್ಯಾಗ್‌ನ ಯುರೋಪಿಯನ್ ರೂಪವಿದು, ಹಣ್ಣು ಆ ದ್ವೀಪದ್ದೇ ಎಂಬುದಕ್ಕೆ ಕಾನೂನಿನ ಖಾತರಿ. ಈ ಪ್ರದೇಶಕ್ಕೆ ಗ್ರೀಸ್ 1971ರಲ್ಲೇ ಇಂಥ ಮಾನ್ಯತೆ ಕೊಟ್ಟಿತ್ತು. ಬರೀ ಅಸೀರ್ಟಿಕೊ ಎಂದಿದ್ದರೆ ಅದು ಬೇರೆಲ್ಲೋ ಬೆಳೆದದ್ದೂ ಇರಬಹುದು. ಬೆಲೆಯ ಅಂತರ ದೊಡ್ಡದಾದ್ದರಿಂದ ಇದನ್ನು ಗಮನಿಸಿ ಕೊಳ್ಳಬೇಕು.

ಡ್ರೈ ವೈನನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಸುರಿಯಬೇಡಿ. 10–12 ಡಿಗ್ರಿಯಲ್ಲಿ ಗಂಧ ಬಿಚ್ಚಿಕೊಳ್ಳುತ್ತದೆ, ಅದಕ್ಕಿಂತ ತಂಪಾದರೆ ಬರೀ ಹುಳಿ ನಾಲಿಗೆಗೆ ತಾಗುತ್ತದೆ. ಮೀನು, ಹುಳಿ ಹಿಂಡಿದ ತಿನಿಸು, ಮೇಕೆ ಹಾಲಿನ ಚೀಸ್ ಇದಕ್ಕೆ ಹೊಂದುತ್ತವೆ. ಕೊಯ್ಲಿನ ವರ್ಷದಿಂದ ಮೂರು ನಾಲ್ಕು ವರ್ಷ ತಂಪು, ಕತ್ತಲ ಜಾಗದಲ್ಲಿಟ್ಟರೆ ಹುಳಿ ಮೆತ್ತಗಾಗಿ ಜೇನಿನ ವಾಸನೆ ಬರಲು ಶುರುವಾಗುತ್ತದೆ. ತೆರೆದ ಮೇಲೆ ಮಾತ್ರ ಎರಡು ಮೂರು ದಿನದಲ್ಲಿ ಮುಗಿಸಬೇಕು. ವಿನ್‌ಸಾಂಟೊಗೆ ಆ ಆತುರವಿಲ್ಲ. ಸಣ್ಣ ಲೋಟದಲ್ಲಿ 50–60 ಮಿಲಿಲೀಟರ್ ಸಾಕು, ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡದೆ ಇರುತ್ತದೆ.